ಮರಿ ಬರ್ತಿಲ್ವಾ? ಹೆಣ್ಣನ್ನ ಮಾರೋ ಮೊದಲು ಗಂಡು ಮೊಲ ನೋಡಿ

ಮುಂಗಾರು ಶುರುವಾಗಿ ಹದಿನೈದು ದಿನ ಕಳೆದರೆ ಸಾಕು, ಮೊಲ ಸಾಕುವ ಹುಡುಗರ ಫೋನ್ ಬರೋಕೆ ಶುರು. ಮಾತು ಹೆಚ್ಚುಕಡಿಮೆ ಒಂದೇ. "ಅಣ್ಣಾ, ನಾಲ್ಕು ಹೆಣ್ಣು ಕ್ರಾಸ್ ಮಾಡಿಸ್ದೆ, ಒಂದೂ ಗಬ್ಬ ನಿಂತಿಲ್ಲ. ಬಂಜೆ ಬಿದ್ದಾವೆ ಅನ್ಸುತ್ತೆ, ಕೊಟ್ಬಿಡ್ಲಾ?" ನಾನು ಕೇಳೋದು ಒಂದೇ ಪ್ರಶ್ನೆ: "ನಾಲ್ಕಕ್ಕೂ ಬಿಟ್ಟಿದ್ದು ಒಂದೇ ಗಂಡಾ?" ಆ ಕಡೆ ಸ್ವಲ್ಪ ಹೊತ್ತು ಸದ್ದಿರಲ್ಲ. ಆಮೇಲೆ, "ಹೂಂ ಅಣ್ಣಾ, ಒಂದೇ."

ನಾಲ್ಕು ಹೆಣ್ಣು ಒಂದೇ ತಿಂಗಳಲ್ಲಿ ಒಟ್ಟಿಗೆ ಬಂಜೆ ಬೀಳೋದು ಅಪರೂಪ. ಒಂದು ಗಂಡು ಕೆಡೋದು ಬಹಳ ಸುಲಭ. ಹೆಣ್ಣೊಂದು ಕೆಟ್ಟರೆ ಆ ತಿಂಗಳು ಒಂದು ಸೂಲಿನ ಮರಿ ಹೋಯಿತು. ಗಂಡು ಕೆಟ್ಟರೆ ಅದರ ಪಾಲಿಗೆ ಬಿಟ್ಟ ಎಂಟು ಹತ್ತು ಹೆಣ್ಣಿನ ಸೂಲೂ ಹೋಯಿತು. ಆದರೂ ನಮ್ಮ ಶೆಡ್ಡುಗಳಲ್ಲಿ ಕಟುಕರಿಗೆ ಹೋಗೋದು ಹೆಣ್ಣೇ, ಯಾಕಂದ್ರೆ ಗಂಡು ಹಾರುತ್ತೆ, ಬೀಳುತ್ತೆ, ನೋಡೋಕೆ ಎಲ್ಲ ಸರಿಯಾಗಿಯೇ ಇರುತ್ತೆ. ಹಾರೋದು ಬೇರೆ, ವೀರ್ಯದಲ್ಲಿ ಜೀವ ಇರೋದು ಬೇರೆ. ಈ ವಾರ ಆ ವ್ಯತ್ಯಾಸದ ಬಗ್ಗೆಯೇ ಬರೀತಿದೀನಿ.

ನನ್ನದು ಮುಖ್ಯವಾಗಿ ತರಕಾರಿ ತೋಟ. ಮೊಲ ಸಾಕೋದು ಅರ್ಧ ಹಿಕ್ಕೆಗಾಗಿ, ಅರ್ಧ ಮರಿ ಮಾರಾಟಕ್ಕಾಗಿ. ಹಿಕ್ಕೆ ಬಂಜೆ ಮೊಲದಿಂದಲೂ ಬರುತ್ತೆ ನಿಜ, ಆದರೆ ಹಿಂಡಿಯ ಬಿಲ್ಲು ಕಟ್ಟೋದು ಮರಿಗಳೇ.

ಗಂಡಿನ ಮೈಕಟ್ಟು ಹೇಗಿದೆ

ಗಂಡು ಮೊಲದ ಬೀಜಗಳು ಹುಟ್ಟಿದಾಗ ಹೊಟ್ಟೆಯೊಳಗೇ ಇರುತ್ತವೆ. ಸುಮಾರು 10ರಿಂದ 12 ವಾರದ ಹೊತ್ತಿಗೆ ಕೆಳಗಿಳಿದು ಎರಡು ಬೇರೆ ಬೇರೆ ಚೀಲಗಳಲ್ಲಿ ಕೂರುತ್ತವೆ. ಹೋರಿಗೆ, ಹೋತಕ್ಕೆ ಇದ್ದ ಹಾಗೆ ಒಂದೇ ಜೋಲುಚೀಲ ಅಲ್ಲ. ಉದ್ದಕ್ಕೆ, ಸಣ್ಣಗೆ, ಕೂದಲು ಇಲ್ಲದ ಎರಡು ಪಟ್ಟಿಗಳ ಹಾಗೆ ಕಾಣುತ್ತವೆ, ಅದೂ ಜನನಾಂಗಕ್ಕಿಂತ ಸ್ವಲ್ಪ ಮುಂದೆ, ಹೊಟ್ಟೆಯ ಕಡೆಗೆ.

ಹೊಸಬರಿಗೆ ಗಾಬರಿ ಹುಟ್ಟಿಸೋ ವಿಷಯ ಇನ್ನೊಂದಿದೆ. ಬೀಜ ಇಳಿದು ಬಂದ ದಾರಿ ಮೊಲದಲ್ಲಿ ಜೀವಮಾನವಿಡೀ ಮುಚ್ಚೋದಿಲ್ಲ. ಹೆದರಿದರೆ, ಚಳಿಯಾದರೆ, ಕಾದಾಟಕ್ಕೆ ಬಿದ್ದರೆ ಗಂಡು ಬೀಜವನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತೆ. ಸಂತೆಯಲ್ಲಿ ಮೊಲ ಎತ್ತಿ ನೋಡಿ "ಇದಕ್ಕೆ ಬೀಜವೇ ಇಲ್ಲ" ಅಂತ ಬಿಟ್ಟು ಬರೋರು ಇದಾರೆ. ಐದು ನಿಮಿಷ ನೆರಳಲ್ಲಿ ಸುಮ್ಮನೆ ಕೂರಿಸಿ, ತಲೆ ಮೇಲೆ ಮಾಡಿ ಹಿಡಿದು, ಕಿಬ್ಬೊಟ್ಟೆಯಿಂದ ಹಿಂದಕ್ಕೆ ಮೆಲ್ಲಗೆ ಸವರಿದರೆ ಇಳಿದು ಬರುತ್ತವೆ. ಎಷ್ಟು ಸಲ ನೋಡಿದರೂ ಒಂದೇ ಸಿಗ್ತಿದೆ ಅಂದ್ರೆ ಅಂಥ ಗಂಡನ್ನು ತಳಿಗೆ ಇಟ್ಟುಕೊಳ್ಳಬೇಡಿ. ಆ ದೋಷ ಮರಿಗಳಿಗೂ ಇಳಿಯಬಹುದು.

ಬೀಜ ಹೊಟ್ಟೆಯಿಂದ ಹೊರಗಿರೋದಕ್ಕೆ ಕಾರಣ ಇದೆ. ಮೊಲದ ಮೈಬಿಸಿ ನಮಗಿಂತ ಜಾಸ್ತಿ, ಸುಮಾರು 39 ಡಿಗ್ರಿ. ಆ ಬಿಸಿಯಲ್ಲಿ ವೀರ್ಯಾಣು ಸರಿಯಾಗಿ ತಯಾರಾಗಲ್ಲ, ಸ್ವಲ್ಪ ತಂಪು ಬೇಕು. ಮೊಲಕ್ಕೆ ಬೆವರೋ ಶಕ್ತಿ ಇಲ್ಲ ಅಂತಲೇ ಹೇಳಬಹುದು. ಮೈಯ ಬಿಸಿ ಹೊರಹಾಕೋದಕ್ಕೆ ಅದಕ್ಕಿರೋ ದೊಡ್ಡ ಸಾಧನ ಕಿವಿ, ಅದು ಬಿಟ್ಟರೆ ಏದುಸಿರು. ಗಾಳಿಯೇ 35 ಡಿಗ್ರಿ ಮುಟ್ಟಿದಾಗ ಕಿವಿ ಎಷ್ಟು ತಾನೇ ಮಾಡುತ್ತೆ?

ಏಪ್ರಿಲ್ ಬಿಸಿಲು, ಜೂನ್ ಲೆಕ್ಕ

ಈ ಭಾಗ ನಿಧಾನವಾಗಿ ಓದಿ. ಗಂಡಿನ ವಿಷಯದಲ್ಲಿ ನಮ್ಮ ಲೆಕ್ಕ ತಪ್ಪೋದು ಇಲ್ಲೇ.

ಮೊಲದ ಬೀಜದೊಳಗೆ ಒಂದು ವೀರ್ಯಾಣು ಮೂಲ ಕಣದಿಂದ ಪೂರ್ತಿ ತಯಾರಾಗೋದಕ್ಕೆ ಸುಮಾರು 48 ದಿನ ಬೇಕು. ಆಮೇಲೆ ಅದು ಬೀಜಕ್ಕೆ ಅಂಟಿಕೊಂಡಿರುವ ಸುರುಳಿ ನಾಳದಲ್ಲಿ ಒಂದು ವಾರದಿಂದ ಹತ್ತು ದಿನ ಸಾಗಿ ಬಲಿಯುತ್ತೆ. ಒಟ್ಟು ಎರಡು ತಿಂಗಳು ಅಂತಿಟ್ಟುಕೊಳ್ಳಿ. ಅಂದರೆ ಇವತ್ತು ನಿಮ್ಮ ಗಂಡು ಹೆಣ್ಣಿಗೆ ಕೊಡುತ್ತಿರುವ ವೀರ್ಯ ಎರಡು ತಿಂಗಳ ಹಿಂದೆ ಬಿತ್ತಿದ ಬೆಳೆ. ಬಿತ್ತನೆ ಹೊತ್ತಲ್ಲಿ ಮಳೆ ಕೈಕೊಟ್ಟರೆ ಕೊಯ್ಲಿನಲ್ಲಿ ಗೊತ್ತಾಗುತ್ತಲ್ಲ, ಹಾಗೆ.

ಮೊಲಕ್ಕೆ ಹಿತವಾದ ವಾತಾವರಣ 15ರಿಂದ 20 ಡಿಗ್ರಿ ಆಸುಪಾಸು. 30 ದಾಟಿ ದಿನಗಟ್ಟಲೆ ಉಳಿದರೆ ಗಂಡಿಗೆ ಏಟು ಬೀಳುತ್ತೆ. ಮೊದಲು ಹೋಗೋದು ಆಸೆ: ಹೆಣ್ಣು ಬಿಟ್ಟರೂ ಮೂಸಿ ಸುಮ್ಮನಾಗುತ್ತೆ. ಇದು ಕಣ್ಣಿಗೆ ಕಾಣುತ್ತೆ. ಕಣ್ಣಿಗೆ ಕಾಣದ್ದು ಏನಂದ್ರೆ ಬೀಜದೊಳಗೆ ಅರ್ಧ ತಯಾರಾದ ವೀರ್ಯಾಣುಗಳು ಹಾಳಾಗೋದು. ಬಿಸಿಲು ಬಡಿದ ಮರುದಿನವೇ ಇದು ತಿಳಿಯಲ್ಲ. ಸುರುಳಿ ನಾಳದಲ್ಲಿ ಮೊದಲೇ ಬಲಿತ ಸರಕು ಇರುತ್ತಲ್ಲ, ಅದು ಖಾಲಿಯಾಗೋ ತನಕ ಬಂಡಿ ಓಡುತ್ತೆ. ಒಂದೆರಡು ವಾರದ ನಂತರ ಹಾಳಾದ ಸರಕು ಹೊರಗೆ ಬರೋಕೆ ಶುರುವಾಗುತ್ತೆ. ಕೆಲವು ಸತ್ತಿರುತ್ತವೆ, ಕೆಲವಕ್ಕೆ ಬಾಲ ಸೊಟ್ಟ, ಕೆಲವು ನಿಂತಲ್ಲೇ ಗಿರಗಿರ ಸುತ್ತುತ್ತವೆ. ಹೊರಗೆ ತಂಪಾದ ಮೇಲೂ ಹೊಸ ಒಳ್ಳೆ ಸರಕು ಬರೋಕೆ ಮತ್ತೆ ಎರಡು ತಿಂಗಳ ಹತ್ತಿರ ಹಿಡಿಯುತ್ತೆ.

ಈಗ ನಮ್ಮ ರಾಜ್ಯದ ಹವಾಮಾನ ಇದರ ಮೇಲಿಟ್ಟು ನೋಡಿ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್–ಮೇನಲ್ಲಿ 40 ದಾಟೋದು ಮಾಮೂಲಿ. ತುಮಕೂರು, ಕೋಲಾರ, ಬೆಂಗಳೂರು ಸುತ್ತಮುತ್ತ 35ರ ಹತ್ತಿರ ಬರುತ್ತೆ, ತಗಡಿನ ಶೀಟ್ ಹಾಕಿದ ಶೆಡ್ಡಿನೊಳಗೆ ಅದಕ್ಕಿಂತ ಹೆಚ್ಚು. ಮೇ ಕೊನೆಗೆ ಮಳೆ ಬಿದ್ದು ತಂಪಾಯ್ತು, ಹಸಿರು ಹುಲ್ಲು ಬಂತು ಅಂತ ನೀವು ಜೂನ್ ಮೊದಲ ವಾರ ಉತ್ಸಾಹದಿಂದ ಎಲ್ಲ ಹೆಣ್ಣನ್ನೂ ಬಿಡ್ತೀರಿ. ಅದೇ ಹೊತ್ತಿಗೆ ಗಂಡಿನ ಒಳಗಿರೋದು ಏಪ್ರಿಲ್, ಮೇ ತಿಂಗಳ ಸುಟ್ಟ ಸರಕು. ಮಳೆಗಾಲದಲ್ಲಿ ಮರಿ ಬರ್ತಿಲ್ಲ, ರೋಗ ಇರಬೇಕು ಅಂತ ಔಷಧಿ ಅಂಗಡಿಗೆ ಓಡೋದು ಆಮೇಲೆ.

ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಕಡೆಯವರಿಗೆ ಈ ಕಾಟ ಕಡಿಮೆ. ದಕ್ಷಿಣ ಭಾರತದಲ್ಲಿ ಮೊಲದ ಸಂಶೋಧನೆ ಬೆಟ್ಟದ ಮೇಲೆ ಬೇರು ಬಿಟ್ಟಿದ್ದು ಸುಮ್ಮನೆ ಅಲ್ಲ. ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಇರೋದು ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ. ನಾವು ಶೆಡ್ಡಿಗೆ ತರುವ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಎಲ್ಲ ತಂಪು ಸೀಮೆಯ ಮೈಯವು. ಬಯಲುಸೀಮೆಗೆ ಕರೆತಂದ ಮೇಲೆ ನೆರಳು ಕೊಡೋ ಹೊಣೆ ನಮ್ಮದು.

ಸುಳ್ಳು ಗಬ್ಬ ಹೇಳುವ ಸತ್ಯ

ಗಂಡಿನ ದೋಷ ಹಿಡಿಯೋದಕ್ಕೆ ಲ್ಯಾಬ್ ಬೇಕಿಲ್ಲ. ಹೆಣ್ಣೇ ಸಾಕ್ಷಿ ಹೇಳುತ್ತೆ, ಕೇಳೋಕೆ ನಮಗೆ ಗೊತ್ತಿರಬೇಕು ಅಷ್ಟೆ.

ಹಸು, ಮೇಕೆಗಳ ಹಾಗೆ ಮೊಲಕ್ಕೆ 21 ದಿನಕ್ಕೊಮ್ಮೆ ಬೆದೆ ಅಂತ ಇಲ್ಲ. ಗಂಡು ಹಾರಿದ ಮೇಲೆಯೇ, ಆ ಪ್ರಚೋದನೆಯಿಂದ, ಸುಮಾರು 10ರಿಂದ 12 ಗಂಟೆ ಬಿಟ್ಟು ಅಂಡ ಬಿಡುಗಡೆ ಆಗುತ್ತೆ. ಇಲ್ಲೊಂದು ಚಂದದ ಹೊಂದಾಣಿಕೆ ಇದೆ. 1951ರಲ್ಲಿ ಅಮೆರಿಕದಲ್ಲಿದ್ದ ಎಂ.ಸಿ. ಚಾಂಗ್ ಎಂಬ ವಿಜ್ಞಾನಿ ಮೊಲಗಳ ಮೇಲೆ ಕೆಲಸ ಮಾಡುತ್ತಾ, ವೀರ್ಯಾಣು ಹೆಣ್ಣಿನ ಒಳಗೆ ಕೆಲವು ಗಂಟೆ ಕಳೆದ ಮೇಲೆಯೇ ಅಂಡದೊಳಗೆ ಹೋಗುವ ಶಕ್ತಿ ಪಡೆಯುತ್ತೆ ಅಂತ ತೋರಿಸಿದರು. 1959ರಲ್ಲಿ ದೇಹದ ಹೊರಗೆ ಫಲಿಸಿದ ಅಂಡಗಳಿಂದ ಮೊಲದ ಮರಿ ಹುಟ್ಟಿಸಿದವರೂ ಅವರೇ. ಇವತ್ತಿನ ಪ್ರನಾಳ ಶಿಶುವಿನ ಹಿಂದೆ ಮೊಲ ಇದೆ ಅಂತ ನಿಮ್ಮ ಮನೇಲಿ ಹೇಳಿ ನೋಡಿ, ಯಾರೂ ನಂಬಲ್ಲ. ನಮಗೆ ಬೇಕಾದ ವಿಷಯ ಇಷ್ಟು: ವೀರ್ಯಾಣು ಹತ್ತು ಹನ್ನೆರಡು ಗಂಟೆ ಒಳಗೆ ಜೀವ ಹಿಡಿದು ಕಾಯಬೇಕು. ಬಿಸಿಲಿಗೆ ಬಳಲಿದ ವೀರ್ಯಾಣು ಅಷ್ಟು ಹೊತ್ತು ತಾಳಲ್ಲ.

ಗಂಡು ಹಾರಿತು, ಅಂಡ ಬಿಡುಗಡೆ ಆಯಿತು, ಆದರೆ ವೀರ್ಯದಲ್ಲಿ ಜೀವ ಇಲ್ಲ ಅಂದ್ರೆ ಏನಾಗುತ್ತೆ? ಹೆಣ್ಣಿನ ಮೈಗೆ ಅದು ಗೊತ್ತಾಗಲ್ಲ. ಗಬ್ಬ ನಿಂತಿದೆ ಅಂತಲೇ ತಿಳಿದು ಅದು ತಯಾರಿ ಶುರು ಮಾಡುತ್ತೆ. ಗಂಡನ್ನ ಹತ್ತಿರ ಸೇರಿಸಲ್ಲ, ಕೆಚ್ಚಲು ಸ್ವಲ್ಪ ಉಬ್ಬುತ್ತೆ. 16ರಿಂದ 18ನೇ ದಿನಕ್ಕೆ ಎದೆ, ಹೊಟ್ಟೆಯ ಕೂದಲು ಕಿತ್ತು ಗೂಡು ಮಾಡೋಕೆ ಹೊರಡುತ್ತೆ. ಇದೇ ಸುಳ್ಳು ಗಬ್ಬ. ನಿಜವಾದ ಗಬ್ಬ ಆಗಿದ್ದರೆ ಮರಿ ಹಾಕೋದು 30ರಿಂದ 32 ದಿನಕ್ಕೆ, ಕೂದಲು ಕೀಳೋದು ಅದರ ಹಿಂದಿನ ಒಂದೆರಡು ದಿನಗಳಲ್ಲಿ.

ಹಾಗಾಗಿ 17ನೇ ದಿನ ಪಂಜರದಲ್ಲಿ ಕೂದಲು ಕಂಡರೆ "ಅಯ್ಯೋ, ಬೇಗ ಮರಿ ಹಾಕ್ತಿದೆ" ಅಂತ ಡಬ್ಬ ಇಡೋಕೆ ಹೋಗಬೇಡಿ. ಆ ಹೆಣ್ಣು ನಿಮಗೆ ಹೇಳ್ತಿರೋದು ಇಷ್ಟು: ನಾನು ಅಂಡ ಬಿಟ್ಟಿದ್ದೆ, ನನ್ನ ಕೆಲಸ ನಾನು ಮಾಡಿದೀನಿ. ಒಂದೇ ಗಂಡಿಗೆ ಬಿಟ್ಟ ಮೂರು ನಾಲ್ಕು ಹೆಣ್ಣು ಹೀಗೆ ಮಾಡಿದರೆ ಅನುಮಾನ ನೇರ ಗಂಡಿನ ಮೇಲೆ ಹೋಗಬೇಕು. ಸುಳ್ಳು ಗಬ್ಬ ಮುಗಿದ ಕೂಡಲೇ ಹೆಣ್ಣು ಮತ್ತೆ ಸುಲಭವಾಗಿ ಒಪ್ಪುತ್ತೆ, ಆ ದಿನವೇ ಬೇರೆ ಗಂಡಿಗೆ ಬಿಡಿ. ಅದರಿಂದ ಗಬ್ಬ ನಿಂತರೆ ಉತ್ತರ ಸಿಕ್ಕಿತು.

ಎರಡು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ರೆ ಗಂಡಿಗೆ ಅನ್ಯಾಯ ಆಗುತ್ತೆ. ಒಂದೇ ಪಂಜರದಲ್ಲಿ ಎರಡು ಮೂರು ಹೆಣ್ಣು ಇಟ್ಟಿದ್ದರೆ ಅವು ಒಂದರ ಮೇಲೊಂದು ಹಾರಿಯೂ ಸುಳ್ಳು ಗಬ್ಬ ಆಗುತ್ತೆ, ಅದಕ್ಕೆ ಕ್ರಾಸ್ ಮಾಡಿಸುವ 18 ದಿನ ಮೊದಲೇ ಹೆಣ್ಣುಗಳನ್ನ ಒಂಟಿಯಾಗಿ ಇಡಿ. ಇನ್ನೊಂದು, ಬಿರುಬೇಸಿಗೆಯಲ್ಲಿ ಹೆಣ್ಣಿನ ಹೊಟ್ಟೆಯಲ್ಲಿ ನಿಂತ ಭ್ರೂಣ ಮೊದಲ ದಿನಗಳಲ್ಲೇ ಕರಗೋದೂ ಉಂಟು. ಅದಕ್ಕೇ ಒಂದು ಹೆಣ್ಣು ನೋಡಿ ತೀರ್ಪು ಕೊಡಬೇಡಿ, ಪುಸ್ತಕ ನೋಡಿ.

ಪುಸ್ತಕ ಅಂದ್ರೆ ಫೋನೇ ಸಾಕು

ಬಹಳ ಜನ ಹೆಣ್ಣಿನ ಹೆಸರಲ್ಲಿ ಲೆಕ್ಕ ಬರೀತಾರೆ: ಯಾವ ದಿನ ಬಿಟ್ಟೆ, ಯಾವ ದಿನ ಮರಿ, ಎಷ್ಟು ಮರಿ. ಗಂಡಿನ ಹೆಸರಲ್ಲಿ ಲೆಕ್ಕ ಯಾರೂ ಬರೆಯಲ್ಲ. ಫೋನಿನ ಶೀಟ್‌ನಲ್ಲಿ ಒಂದು ಕಾಲಂ ಸೇರಿಸಿ: ಯಾವ ಗಂಡು. ಜೊತೆಗೆ ಆ ದಿನದ ಗರಿಷ್ಠ ಉಷ್ಣತೆ. ಆಮೇಲೆ ಗಂಡಿನ ಪ್ರಕಾರ ಸಾಲು ಜೋಡಿಸಿದರೆ ಚಿತ್ರ ತಾನಾಗೇ ಕಾಣುತ್ತೆ.

ಉದಾಹರಣೆಗೆ, ಒಂದನೇ ಗಂಡಿಗೆ 8 ಹೆಣ್ಣು ಬಿಟ್ಟಿದ್ದು 6 ಗಬ್ಬ, ಎರಡನೇ ಗಂಡಿಗೆ 7 ಬಿಟ್ಟಿದ್ದು 2 ಗಬ್ಬ ಅಂತಿಟ್ಟುಕೊಳ್ಳಿ. ಹೆಣ್ಣುಗಳು ಒಂದೇ ಶೆಡ್ಡು, ಒಂದೇ ಮೇವು. ಇನ್ನೇನು ಪರೀಕ್ಷೆ ಬೇಕು? ಎರಡೂ ಗಂಡಿನಲ್ಲಿ ಒಟ್ಟಿಗೆ ಇಳಿದಿದ್ದರೆ ಎರಡು ತಿಂಗಳ ಹಿಂದಿನ ಉಷ್ಣತೆ ಕಾಲಂ ನೋಡಿ. ಗಬ್ಬ ನಿಲ್ಲುತ್ತಿದೆ, ಆದರೆ ಏಳು ಹಾಕುತ್ತಿದ್ದ ಹೆಣ್ಣುಗಳೆಲ್ಲ ಮೂರಕ್ಕೆ ಇಳಿದಿವೆ ಅಂದ್ರೂ ಅದು ಗಂಡು ಸೋಲುತ್ತಿರುವ ಲಕ್ಷಣ ಇರಬಹುದು.

ಗಬ್ಬ ನೋಡೋಕೆ 31 ದಿನ ಕಾಯಬೇಡಿ. 12ರಿಂದ 14ನೇ ದಿನ ಕಿಬ್ಬೊಟ್ಟೆಯನ್ನ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆತ್ತಗೆ ಹಿಡಿದು ನೋಡಿದರೆ ಚಿಕ್ಕ ದ್ರಾಕ್ಷಿಯಂಥ ಜಾರುವ ಗುಂಡುಗಳು ಸಿಗುತ್ತವೆ. ಹಿಕ್ಕೆಯೂ ಗುಂಡೇ, ಆದರೆ ಅದು ಗಟ್ಟಿ. ಹಿಸುಕಬಾರದು. ಮೊದಲ ಸಲ ಗೊತ್ತಿರುವವರ ಕೈಲಿ ಕಲಿಯಿರಿ.

ಬೇಸಿಗೆಗೆ ಮೊದಲು ಗಂಡಿನ ಜಾಗ ಬದಲಿಸಿ

ನಾನು ನೋಡಿದ ಎಷ್ಟೋ ಶೆಡ್ಡುಗಳಲ್ಲಿ ಗಂಡಿನ ಪಂಜರ ಇರೋದು ಮೇಲಿನ ಅಂತಸ್ತಿನಲ್ಲಿ. ಹೆಣ್ಣು, ಮರಿ ಕೈಗೆ ಸಿಗೋ ಹಾಗೆ ಕೆಳಗಿರಲಿ ಅನ್ನೋ ಲೆಕ್ಕ. ಶೀಟಿನ ಬಿಸಿ ನೇರ ಹೊಡೆಯೋದು ಮೇಲಿನ ಅಂತಸ್ತಿಗೇ. ಫೆಬ್ರವರಿ ಕೊನೆಗೇ ಗಂಡುಗಳನ್ನ ಕೆಳಗಿನ ಸಾಲಿಗೆ, ಪಡುವಣ ಬಿಸಿಲು ಬೀಳದ ಮೂಲೆಗೆ ತನ್ನಿ. ಒಂದು ರೂಪಾಯಿ ಖರ್ಚಿಲ್ಲ.

ಶೀಟಿನ ಮೇಲೆ ತೆಂಗಿನ ಗರಿ ಅಥವಾ ಜೋಳದ ದಂಟು ಹಾಸಿ, ಇಲ್ಲ ಸುಣ್ಣ ಬಳಿಯಿರಿ. ಗಾಳಿ ಬೀಸುವ ಕಡೆ ಒದ್ದೆ ಗೋಣಿ ಕಟ್ಟೋದು ಒಣಹವೆಯ ಉತ್ತರ ಕರ್ನಾಟಕದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಗಾಳಿಯಲ್ಲೇ ನೀರು ತುಂಬಿರೋದರಿಂದ ಅದರಿಂದ ಪ್ರಯೋಜನ ಕಡಿಮೆ. ಅಲ್ಲಿ ಗೋಡೆ ತೆಗೆದು ಜಾಲರಿ ಹಾಕಿ, ಫ್ಯಾನ್ ಇಡಿ. ನೀರು ತುಂಬಿ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಪ್ಲಾಸ್ಟಿಕ್ ಬಾಟಲಿಯನ್ನ ಮಧ್ಯಾಹ್ನ ಗಂಡಿನ ಪಂಜರದಲ್ಲಿ ಇಟ್ಟರೆ ಅದಕ್ಕೇ ಒರಗಿ ಮಲಗುತ್ತೆ, ನೋಡೋಕೂ ಚೆಂದ. ಮೂರು ನಾಲ್ಕು ಗಂಡಿಗೆ ಇದು ಮಾಡಬಹುದು, ಐವತ್ತು ಹೆಣ್ಣಿಗೆ ಆಗಲ್ಲ. ಗಂಡು ಕಡಿಮೆ ಇರೋದೇ ಇಲ್ಲಿ ನಮಗೆ ಅನುಕೂಲ.

ನಿಪ್ಪಲ್ ನೀರಿನ ಕಪ್ಪು ಪೈಪು ಬಿಸಿಲಲ್ಲಿ ಹಾದು ಬರ್ತಿದೆಯಾ ಅಂತಲೂ ನೋಡಿ. ಮಧ್ಯಾಹ್ನ ಎರಡಕ್ಕೆ ಅದರ ನೀರನ್ನ ಕೈಮೇಲೆ ಬಿಟ್ಟುಕೊಳ್ಳಿ. ನಿಮ್ಮ ಕೈಗೇ ಬಿಸಿ ಅನಿಸಿದರೆ ಮೊಲ ಕುಡಿಯಲ್ಲ, ನೀರು ಬಿಟ್ಟರೆ ಮೇವೂ ಬಿಡುತ್ತೆ.

ಇಷ್ಟೆಲ್ಲ ಮಾಡಿಯೂ ಬಿಸಿಲು ಬಡಿಯಿತು ಅಂದ್ರೆ ಗಂಡನ್ನ ಮಾರೋ ಅವಸರ ಬೇಡ. ತಂಪಾದ ಮೇಲೆ ಎರಡು ತಿಂಗಳು ಕೊಡಿ. ಆ ನಡುವೆ ಕೆಲಸ ನಡೆಸೋಕೆ ತಂಪು ಜಾಗದ ಗೆಳೆಯರಿಂದ ಆರೋಗ್ಯವಂತ ಗಂಡು ತರೋದು ಒಂದು ದಾರಿ. ತಂದರೆ ಎರಡು ವಾರವಾದರೂ ಬೇರೆ ಇಟ್ಟು ನೋಡಿ. ಎರಡು ತಿಂಗಳ ಮೇಲೂ ಎದ್ದು ಬರದ ಗಂಡು ಬೇಡ.

ಮೇವಿನಲ್ಲಿ ಏನು ಬೇಡ

ಗಂಡಿಗೆ "ತಾಕತ್ತಿಗೆ" ಅಂತ ಹಿಂಡಿ ಜಾಸ್ತಿ ಹಾಕೋದು ರೂಢಿ. ಕೊಬ್ಬಿದ ಗಂಡು ಸೋಮಾರಿ, ಭಾರಕ್ಕೆ ಪಾದವೂ ಹುಣ್ಣಾಗುತ್ತೆ. 4–5 ಕಿಲೋ ತೂಗುವ ಗಂಡಿಗೆ ದಿನಕ್ಕೆ 100ರಿಂದ 120 ಗ್ರಾಂ ಪೆಲೆಟ್ ಅಥವಾ ಹಿಂಡಿ ಮಿಶ್ರಣ, ಜೊತೆಗೆ ಹಸಿರು ಮತ್ತು ಒಣಹುಲ್ಲು ಸಾಕು. ಕುದುರೆ ಮೆಂತ್ಯ, ಬೇಲಿ ಮೆಂತ್ಯ, ಅಗಸೆ ಸೊಪ್ಪು, ನುಗ್ಗೆ ಸೊಪ್ಪು ಯಾವುದಿದ್ದರೂ ಒಳ್ಳೆಯದು. ಎ ಮತ್ತು ಇ ಜೀವಸತ್ವ ಕಡಿಮೆಯಾದರೆ ಬೀಜ ಸೊರಗುತ್ತೆ. ಹಸಿರು ತಪ್ಪದೆ ಸಿಕ್ಕರೆ, ವಾರಕ್ಕೆರಡು ಸಲ ಒಂದು ಹಿಡಿ ಮೊಳಕೆ ಕಾಳು ಕೊಟ್ಟರೆ ಆ ಚಿಂತೆ ಹೆಚ್ಚಿರಲ್ಲ.

ಹತ್ತಿಕಾಳು ಹಿಂಡಿ ಗಂಡಿಗೆ ಬೇಡವೇ ಬೇಡ. ಅದರಲ್ಲಿರುವ ಗಾಸಿಪಾಲ್ ಹಸುವಿನ ಹೊಟ್ಟೆಯಲ್ಲಿ ಒಂದಿಷ್ಟು ಅಡಗುತ್ತೆ, ಮೊಲದಂಥ ಒಂದೇ ಹೊಟ್ಟೆಯ ಪ್ರಾಣಿಗೆ ಆ ರಕ್ಷಣೆ ಇಲ್ಲ. ಗಂಡಿನ ಫಲವತ್ತತೆ ಕೆಡಿಸೋದರಲ್ಲಿ ಅದು ಹೆಸರಾದ ವಸ್ತು. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ಅದಕ್ಕಿಂತ ಅಪಾಯ, ಅಫ್ಲಾಟಾಕ್ಸಿನ್ ವಿಷಕ್ಕೆ ಮೊಲ ಬೇಗ ಬಲಿಯಾಗುತ್ತೆ. ಸುಬಾಬುಲ್ ಸೊಪ್ಪು ಹಸಿರಿನ ಜೊತೆ ಸ್ವಲ್ಪ ಇರಲಿ, ಅದೇ ಮುಖ್ಯ ಮೇವಾದರೆ ಕೂದಲು ಉದುರುತ್ತೆ, ಸಂತಾನಕ್ಕೂ ಒಳ್ಳೇದಲ್ಲ.

ತೋಟಗಾರಿಕೆ ಓದಿದವನಾಗಿ ಪಪ್ಪಾಯದ ವಿಷಯ ಬಿಡೋಕಾಗಲ್ಲ. ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಪಪ್ಪಾಯ ಬೀಜದ ಸಾರವನ್ನ ಗಂಡು ಮೊಲಗಳಿಗೆ ಕೊಟ್ಟು ನೋಡಿದರು. ವೀರ್ಯಾಣು ಇಳಿಯುತ್ತಾ ಇಳಿಯುತ್ತಾ ಇಲ್ಲವೇ ಇಲ್ಲ ಅನ್ನೋ ಮಟ್ಟಕ್ಕೆ ಬಂತು, ಕೊಡೋದು ನಿಲ್ಲಿಸಿದ ಮೇಲೆ ಮರಳಿತು. ಗಂಡಸರ ಗರ್ಭನಿರೋಧಕ ಹುಡುಕುವ ಕೆಲಸ ಅದು. ಅವರು ಕೊಟ್ಟಿದ್ದು ಸಾಂದ್ರ ಸಾರ, ನಿಮ್ಮ ಮೊಲ ತಿಂದ ಒಂದು ಹೋಳು ಹಣ್ಣಿಗೆ ಹೆದರಬೇಕಿಲ್ಲ. ಆದರೆ ಪಪ್ಪಾಯ ತೋಟದವರು ಮಾರಾಟವಾಗದ ಕಾಯಿಯನ್ನ ಬೀಜ ಸಮೇತ ಕೊಚ್ಚಿ ದಿನಾ ಹಾಕ್ತಾರಲ್ಲ, ಅದು ಗಂಡಿನ ಪಂಜರಕ್ಕೆ ಬೇಡ, ಬೀಜ ಕೆರೆದು ಹಾಕಿ. ಹುಳದ ಔಷಧಿ ಅಂತ ಬೇವಿನ ಸೊಪ್ಪು ತಿನ್ನಿಸುವ ಸಾವಯವ ಗೆಳೆಯರಿಗೂ ಅದೇ ಮಾತು. ಗಂಡು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಬೇವೂ ಇದೇ ಗುಣ ತೋರಿಸಿದೆ.

ಟಾನಿಕ್ ಬಗ್ಗೆ ಕೇಳ್ತೀರಿ. ನನ್ನ ಅಭಿಪ್ರಾಯ: ದುಡ್ಡು ದಂಡ. ಹಾರ್ಮೋನ್ ಇಂಜೆಕ್ಷನ್ ಅಂತೂ ತಿರುಗಿ ಹೊಡೆಯುತ್ತೆ. ಹೊರಗಿನಿಂದ ಟೆಸ್ಟೋಸ್ಟಿರಾನ್ ಹೋದರೆ ಮೆದುಳು ಬೀಜಕ್ಕೆ ಕಳಿಸೋ ಸಂದೇಶವನ್ನೇ ನಿಲ್ಲಿಸುತ್ತೆ, ಹಾರಾಟ ಜೋರು, ವೀರ್ಯಾಣು ಕಮ್ಮಿ.

ಎಷ್ಟು ವಯಸ್ಸಿಗೆ, ಎಷ್ಟು ಸಲ

ಗಂಡು ಮರಿ ಮೂರು ತಿಂಗಳಿಗೇ ಹಾರೋಕೆ ನೋಡುತ್ತೆ, ಅದಕ್ಕೇ ಆ ಹೊತ್ತಿಗೆ ಗಂಡು ಹೆಣ್ಣು ಬೇರೆ ಮಾಡಿರಬೇಕು. ವೀರ್ಯದಲ್ಲಿ ಮೊದಲ ವೀರ್ಯಾಣು ಕಾಣೋದು ಸುಮಾರು 110 ದಿನಕ್ಕೆ. ಕೆಲಸಕ್ಕೆ ಹಚ್ಚೋದು ಐದಾರು ತಿಂಗಳ ಮೇಲೆ, ಅದೂ ವಾರಕ್ಕೆ ಒಂದೆರಡು ಸಲ. ನ್ಯೂಜಿಲೆಂಡ್ ವೈಟ್ ತಳಿಯಲ್ಲಿ ದಿನದ ಉತ್ಪಾದನೆ ಪೂರ್ತಿ ಮಟ್ಟ ಮುಟ್ಟೋದು ಎಂಟು ತಿಂಗಳ ಹತ್ತಿರ.

ಬೆಳೆದ ಗಂಡು ಒಂದು ಸಲಕ್ಕೆ ಬಿಡುವ ವೀರ್ಯ 0.3ರಿಂದ 0.6 ಮಿ.ಲೀ. ಮಾತ್ರ, ಮಿ.ಲೀ.ಗೆ 15ರಿಂದ 50 ಕೋಟಿ ವೀರ್ಯಾಣು. ದಿನಕ್ಕೆ ಹೊಸದಾಗಿ ತಯಾರಾಗೋದು 15ರಿಂದ 30 ಕೋಟಿ. ನೀವು ಎಷ್ಟು ಸಲ ಹಾರಿಸಿದರೂ ಈ ಉತ್ಪಾದನೆ ಜಾಸ್ತಿಯಾಗಲ್ಲ. ಒಂದೇ ದಿನ ಐದು ಹೆಣ್ಣಿಗೆ ಬಿಟ್ಟರೆ ಕೊನೆಯವಕ್ಕೆ ಸಿಗೋದು ನೀರು ಮಜ್ಜಿಗೆ. ವಾರದಲ್ಲಿ ಮೂರು ನಾಲ್ಕು ದಿನ, ದಿನಕ್ಕೆ ಎರಡು ಸಲ ಮೀರದಂತೆ ನೋಡಿಕೊಳ್ಳಿ. 8ರಿಂದ 10 ಹೆಣ್ಣಿಗೆ ಒಂದು ಗಂಡು ಅನ್ನೋ ಲೆಕ್ಕ ಬಂದಿರೋದು ಇದರಿಂದಲೇ. ಹತ್ತು ಹೆಣ್ಣಿದ್ದರೂ ಎರಡು ಗಂಡು ಇಡಿ ಅಂತೀನಿ ನಾನು, ಒಂದು ಕೆಟ್ಟಾಗ ಹೋಲಿಸಿ ನೋಡೋಕಾದರೂ ಇನ್ನೊಂದು ಇರಲಿ.

ಹಾಗಂತ ತಿಂಗಳುಗಟ್ಟಲೆ ಸುಮ್ಮನೆ ಕೂರಿಸಿದರೂ ಕಷ್ಟ. ಹಳೇ ಸರಕು ಒಳಗೇ ಕೊಳೆತಿರುತ್ತೆ. ದೀರ್ಘ ಬಿಡುವಿನ ನಂತರದ ಮೊದಲ ಒಂದೆರಡು ಹಾರಿಕೆಯನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಹೆಣ್ಣನ್ನ ಗಂಡಿನ ಪಂಜರಕ್ಕೆ ಒಯ್ಯಬೇಕು, ಉಲ್ಟಾ ಮಾಡಿದರೆ ಗಂಡು ಹೊಸ ಜಾಗ ಮೂಸುತ್ತಾ ಕೂರುತ್ತೆ, ಹೆಣ್ಣು ಕಚ್ಚುತ್ತೆ. ಬಿಡುವ ಮೊದಲು ಹೆಣ್ಣಿನ ಯೋನಿಯ ಬಣ್ಣ ನೋಡಿ, ಕೆಂಪಗೆ ಇದ್ದರೆ ಒಪ್ಪುತ್ತೆ, ಬಿಳಿಚಿದ್ದರೆ ಇನ್ನೊಂದು ದಿನ. ಮುಂಜಾನೆಯ ತಂಪು ಹೊತ್ತು ಒಳ್ಳೆಯದು. ಕೆಲಸ ಮುಗಿಯೋಕೆ ಕೆಲವೇ ಸೆಕೆಂಡು, ಆಮೇಲೆ ಗಂಡು ಸಣ್ಣಗೆ ಕಿರುಚಿ ಪಕ್ಕಕ್ಕೆ ಉರುಳಿ ಬೀಳುತ್ತೆ. ಬಿದ್ದಿದ್ದು ಕಣ್ಣಾರೆ ನೋಡಿ ಬರೆದುಕೊಳ್ಳಿ. "ರಾತ್ರಿ ಒಟ್ಟಿಗೆ ಬಿಟ್ಟಿದ್ದೆ, ಆಗಿರಬೇಕು" ಅನ್ನೋದು ದಾಖಲೆ ಅಲ್ಲ. ಎರಡು ಬೆಳೆದ ಗಂಡನ್ನ ಮಾತ್ರ ಯಾವತ್ತೂ ಒಂದೇ ಪಂಜರದಲ್ಲಿ ಇಡಬೇಡಿ. ಕಾದಾಟದಲ್ಲಿ ಒಂದು ಇನ್ನೊಂದರ ಬೀಜವನ್ನೇ ಕಚ್ಚಿ ಹರಿಯುತ್ತೆ.

ಕೊಳ್ಳುವಾಗ ಕೈಹಾಕಿ ನೋಡಿ

"ಯೂನಿಟ್" ಲೆಕ್ಕದಲ್ಲಿ, ಏಳು ಹೆಣ್ಣು ಮೂರು ಗಂಡು ಅಂತ ಒಟ್ಟಿಗೆ ಮಾರುವವರ ಹತ್ತಿರ ಕೊಂಡರೆ ಹತ್ತೂ ಒಂದೇ ತಾಯಿಯ ಮಕ್ಕಳೋ ಅಂತ ಕೇಳಿ. ದಾಖಲೆ ತೋರಿಸದಿದ್ದರೆ ಗಂಡನ್ನ ಬೇರೆ ಕಡೆಯಿಂದ ತನ್ನಿ. ಅಣ್ಣ ತಂಗಿ ಕೂಡಿದ ಸಂತತಿಯಲ್ಲಿ ಮರಿ ಸಂಖ್ಯೆ, ಗಂಡಿನ ಫಲವತ್ತತೆ ಎರಡೂ ಇಳಿಯುತ್ತವೆ. ಮರಿಯಾಗಿದ್ದರೆ ಲಿಂಗವನ್ನೇ ಮೊದಲು ಖಚಿತ ಮಾಡಿಕೊಳ್ಳಿ: ಜನನಾಂಗವನ್ನ ಮೆಲ್ಲಗೆ ಒತ್ತಿದಾಗ ಗಂಡಿಗೆ ದುಂಡು ಕೊಳವೆ ಹೊರಬರುತ್ತೆ, ಹೆಣ್ಣಿಗೆ ಉದ್ದ ಸೀಳು.

ಬೆಳೆದ ಗಂಡಾದರೆ ಎರಡೂ ಬೀಜ ಸಮ ಇದೆಯಾ, ಒಂದು ಊದಿ ಬಿಸಿಯಾಗಿದೆಯಾ ನೋಡಿ. ಮೂಗು ಸೋರುವ ಪಾಶ್ಚುರೆಲ್ಲಾ ರೋಗಾಣು ಬೀಜಕ್ಕೂ ಇಳಿದು ಬಾವು ಮಾಡುತ್ತೆ. ಮುಂಗಾಲಿನ ಒಳಭಾಗದ ಕೂದಲು ಅಂಟಂಟಾಗಿದ್ದರೆ ಅದು ಮೂಗು ಒರೆಸಿಕೊಂಡ ಗುರುತು. ಹಿಂಗಾಲಿನ ಅಡಿ ತಿರುಗಿಸಿ ನೋಡಿ. ಪಾದ ಹುಣ್ಣಾದ ಗಂಡಿಗೆ ಹಿಂಗಾಲ ಮೇಲೆ ನಿಲ್ಲೋದೇ ನೋವು, ಅದು ಹಾರಲ್ಲ, ನಾವು ಆಸೆ ಇಲ್ಲ ಅಂತೀವಿ. ತಂತಿ ಜಾಲರಿಯ ಮೇಲೆ ಒಂದು ಹಲಗೆ ಹಾಕಿದರೆ ಅರ್ಧ ತೊಂದರೆ ಬರಲ್ಲ. ಜನನಾಂಗ, ತುಟಿ, ಮೂಗಿನ ಸುತ್ತ ಹಕ್ಕಳೆ ಕಟ್ಟಿದ ಹುಣ್ಣಿದ್ದರೆ ಅದು ಮೊಲದ ಸಿಫಿಲಿಸ್ ಇರಬಹುದು. ಮನುಷ್ಯರಿಗೆ ಅಂಟೋದಿಲ್ಲ, ಆದರೆ ಒಂದು ಗಂಡಿನಿಂದ ಇಡೀ ಶೆಡ್ಡಿನ ಹೆಣ್ಣಿಗೆ ಹರಡುತ್ತೆ. ಇದಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಇದೆ, ಪಶುವೈದ್ಯರೇ ಕೊಡಬೇಕು. ಪೆನಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಔಷಧಿಯನ್ನ ಬಾಯಿಗೆ ಹಾಕಿದರೆ ಕರುಳು ಕೆಟ್ಟು ಮೊಲ ಸಾಯುತ್ತೆ. ಅಂಗಡಿಯವರು ಕೊಟ್ಟರೂ ಹಾಕಬೇಡಿ.

ದಾಖಲೆ ನೋಡಿಯೂ ಅನುಮಾನ ಉಳಿದರೆ, ಬೆಲೆಬಾಳುವ ಗಂಡಾದರೆ, ಹತ್ತಿರದ ಪಶುವೈದ್ಯಕೀಯ ಕಾಲೇಜಿನಲ್ಲಿ ವೀರ್ಯ ಪರೀಕ್ಷೆ ಮಾಡಿಕೊಡ್ತಾರಾ ಅಂತ ಮೊದಲೇ ಫೋನ್ ಮಾಡಿ ವಿಚಾರಿಸಿ. ವೀರ್ಯ ತೆಗೆದ ಕೂಡಲೇ ಮೈಬಿಸಿಯಷ್ಟು ಬೆಚ್ಚಗಿನ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ತಣ್ಣನೆ ಗಾಜಿನ ಮೇಲೆ ಒಳ್ಳೆ ವೀರ್ಯಾಣುವೂ ನಿಂತು ಹೋಗುತ್ತೆ. ಅದಕ್ಕೇ ಮನೆಯಲ್ಲಿ ತೆಗೆದು ಡಬ್ಬಿಯಲ್ಲಿ ಒಯ್ಯೋದಲ್ಲ, ಗಂಡನ್ನೇ ಒಯ್ಯಬೇಕು. ಒಳ್ಳೆ ವೀರ್ಯ ಹಾಲಿನ ಬಿಳುಪು, ಅದರಲ್ಲಿ ಲೋಳೆಯ ಗಡ್ಡೆ ಇದ್ದರೆ ಸಹಜ. ಹಳದಿ ಇದ್ದರೆ ಮೂತ್ರ ಬೆರೆತಿದೆ, ಕೆಂಪಿದ್ದರೆ ರಕ್ತ. ಒಯ್ಯೋದಾದರೆ ಬೆಳಗಿನ ಜಾವವೇ ಹೊರಡಿ, ಬುಟ್ಟಿಗೆ ಗಾಳಿಯಾಡಬೇಕು, ಮಧ್ಯಾಹ್ನದ ಬಸ್ಸಿನ ಟಾಪ್ ಮೇಲೆ ಹಾಕಿ ಕಳಿಸಬೇಡಿ.